ಖಾಲಿ ಪೆಟ್ಟಿಗೆಯ ಪಕ್ಕ ನ್ಯೂಟ್ರಾನ್ ಎಣಿಸಿದ ಮೂರು ತಿಂಗಳು

ಪೆಟ್ಟಿಗೆ ಖಾಲಿ ಎಂದು ರಿಜಿಸ್ಟರಿನಲ್ಲಿ ಬರೆದಿತ್ತು. ಹಿಂದೊಮ್ಮೆ ಅದರಲ್ಲಿದ್ದ ಅಮೆರಿಸಿಯಂ-ಬೆರಿಲಿಯಂ ನ್ಯೂಟ್ರಾನ್ ಮೂಲವನ್ನು, ಅಂದರೆ ನ್ಯೂಟ್ರಾನ್ ಹೊರಸೂಸುವ ವಿಕಿರಣ ವಸ್ತುವನ್ನು, ತೆಗೆದು ವಾಪಸ್ ಕಳಿಸಿದ್ದಕ್ಕೆ ಕಾಗದವೂ ಇತ್ತು. ಆದರೂ ನ್ಯೂಟ್ರಾನ್ ಡಿಟೆಕ್ಟರನ್ನು ಅದರ ಹತ್ತಿರ ಇಟ್ಟರೆ ಎಣಿಕೆ ಸ್ವಲ್ಪ ಜಾಸ್ತಿ ಬರುತ್ತಿತ್ತು. ದೂರ ಒಯ್ದರೆ ಕಮ್ಮಿ. ಒಂದು ಸಲ ಅಲ್ಲ, ನೋಡಿದಾಗಲೆಲ್ಲ ಹೀಗೇ.

ಲ್ಯಾಬಿನಲ್ಲಿ ಎಲ್ಲರ ತಲೆಯಲ್ಲಿದ್ದ ಅನುಮಾನ ಒಂದೇ. ಹಳೆಯ ಕ್ಯಾಪ್ಸೂಲ್ ಬಿರುಕು ಬಿಟ್ಟು, ಒಂದಿಷ್ಟು ಪುಡಿ ಒಳಗೇ ಉಳಿದಿರಬಹುದಾ? ಅಮೆರಿಸಿಯಂ ಪುಡಿ ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋದರೆ ತುಂಬಾ ಅಪಾಯ. ಹಾಗಾಗಿ ಮುಚ್ಚಳ ತೆಗೆದು ಇಣುಕುವ ಮಾತೇ ಇರಲಿಲ್ಲ. ಗಾಮಾ ಮೀಟರ್ ಏನೂ ತೋರಿಸುತ್ತಿರಲಿಲ್ಲ. ಆದರೆ ಪುಡಿ ಅಷ್ಟು ಕಮ್ಮಿ ಇದ್ದರೆ, ಸುತ್ತಲೂ ಸೀಸದ ಗೋಡೆ ಇರುವಾಗ, ಅದಕ್ಕೆ ಗೊತ್ತಾಗುವುದೂ ಇಲ್ಲ. ಕೆಲಸ ನನಗೆ ಬಂತು. ನಾನು ಆಗ ಸಂಶೋಧನೆಗೆ ಸೇರಿ ಕೆಲವೇ ತಿಂಗಳಾಗಿತ್ತು.

ನಮ್ಮ ಮೇಡಂ ಮೊದಲ ದಿನವೇ ಹೇಳಿದರು: "ಪೆಟ್ಟಿಗೆಯನ್ನು ಸದ್ಯಕ್ಕೆ ಮರೆತುಬಿಡಿ. ಏನೂ ಇಲ್ಲದ ಕಡೆ ಎಷ್ಟು ಬರುತ್ತದೆ ಅಂತ ನನಗೆ ಹೇಳಿ. ಆಮೇಲೆ ಪೆಟ್ಟಿಗೆ ನೋಡೋಣ."

ಒಂದು ಮಧ್ಯಾಹ್ನದ ಕೆಲಸ ಎಂದುಕೊಂಡೆ. ಮೂರು ತಿಂಗಳು ಹಿಡಿಯಿತು.

ಏನೂ ಇಲ್ಲದ ಕೋಣೆಗೆ ನ್ಯೂಟ್ರಾನ್ ಎಲ್ಲಿಂದ ಬರಬೇಕು? ಮೊದಲು ನನಗೆ ಇದೇ ವಿಚಿತ್ರ ಅನ್ನಿಸಿತ್ತು. ಬಿಡಿ ನ್ಯೂಟ್ರಾನಿನ ಆಯುಸ್ಸು ಸರಾಸರಿ 15 ನಿಮಿಷದಷ್ಟು, ಅಷ್ಟೇ. ಆಮೇಲೆ ಅದು ಒಡೆದು ಪ್ರೋಟಾನ್ ಆಗುತ್ತದೆ. ದೂರದ ನಕ್ಷತ್ರದಿಂದ ಹೊರಟ ನ್ಯೂಟ್ರಾನ್ ದಾರಿಯಲ್ಲೇ ಮುಗಿದುಹೋಗುತ್ತದೆ. ಅಂದರೆ ನನ್ನ ಕೋಣೆಗೆ ಬರುವ ಒಂದೊಂದು ನ್ಯೂಟ್ರಾನೂ ಇಲ್ಲೇ, ಈಗಷ್ಟೇ ಹುಟ್ಟಿದ್ದು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳಲ್ಲಿ ಬಹುಪಾಲು ಪ್ರೋಟಾನ್‌ಗಳು. ಅವು ಮೇಲಿನ ಗಾಳಿಯಲ್ಲಿ ಸಾರಜನಕಕ್ಕೋ ಆಮ್ಲಜನಕಕ್ಕೋ ಬಡಿಯುತ್ತವೆ. ಪರಮಾಣುವಿನ ಬೀಜಕಣ (ನ್ಯೂಕ್ಲಿಯಸ್) ಒಡೆಯುತ್ತದೆ, ಚೂರುಗಳು ಚಿಮ್ಮುತ್ತವೆ, ಆ ಚೂರುಗಳು ಇನ್ನೊಂದಕ್ಕೆ ಬಡಿಯುತ್ತವೆ. ಹೀಗೆ ಸರಪಳಿಯಾಗಿ ಇಳಿದು ಬರುವಾಗ ನ್ಯೂಟ್ರಾನ್‌ಗಳೂ ಉದುರುತ್ತವೆ. ವಿಕ್ಟರ್ ಹೆಸ್ 1912ರಲ್ಲಿ ಬಲೂನಿನಲ್ಲಿ 5 ಕಿಲೋಮೀಟರಿಗಿಂತ ಮೇಲೆ ಹೋಗಿ, ವಿಕಿರಣ ಮೇಲೇರಿದಷ್ಟೂ ಜಾಸ್ತಿಯಾಗುತ್ತದೆ ಎಂದು ತೋರಿಸಿದರಲ್ಲ, ಅದೇ ವಿಶ್ವಕಿರಣ. ನಾನು ಹಿಡಿಯಬೇಕಾಗಿದ್ದು ಅದರ ಮೊಮ್ಮಕ್ಕಳನ್ನು.

ಸಂಖ್ಯೆ ಬಹಳ ಕಮ್ಮಿ. ನ್ಯೂಯಾರ್ಕಿನ ಸಮುದ್ರ ಮಟ್ಟಕ್ಕೆ ಒಪ್ಪಿಕೊಂಡಿರುವ ಲೆಕ್ಕದಲ್ಲಿ, 10 ಮೆಗಾ ಎಲೆಕ್ಟ್ರಾನ್ ವೋಲ್ಟ್ (ಇದು ಕಣದ ಶಕ್ತಿಯ ಅಳತೆ) ದಾಟಿದ ನ್ಯೂಟ್ರಾನ್‌ಗಳು ಒಂದು ಚದರ ಸೆಂಟಿಮೀಟರಿಗೆ ಗಂಟೆಗೆ ಸುಮಾರು 13. ಮೆಮೊರಿ ಚಿಪ್ ತಯಾರಿಸುವವರು ಈ ಸಂಖ್ಯೆಯನ್ನು ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ. ಇಂಥ ಒಂದೇ ನ್ಯೂಟ್ರಾನ್ ಚಿಪ್ಪಿನೊಳಗೆ ಒಂದು ಸೊನ್ನೆಯನ್ನು ಒಂದಾಗಿಸಬಲ್ಲದು.

ನನ್ನ ಕೈಯಲ್ಲಿದ್ದದ್ದು ಹೀಲಿಯಂ-3 ಅನಿಲ ತುಂಬಿದ ಒಂದು ಕೊಳವೆ. ಉದ್ದ ಅರ್ಧ ಮೀಟರ್, ದಪ್ಪ ಎರಡು ಬೆರಳಿನಷ್ಟು. ನಡುವೆ ಒಂದು ತೆಳು ತಂತಿ, ಅದಕ್ಕೆ ಸಾವಿರ ವೋಲ್ಟಿಗೂ ಹೆಚ್ಚು. ನ್ಯೂಟ್ರಾನಿಗೆ ವಿದ್ಯುತ್ ಆವೇಶ ಇಲ್ಲ. ಅದು ಹಾದುಹೋದರೆ ತಂತಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಹೀಲಿಯಂ-3ರ ಬೀಜಕಣ ನಿಧಾನ ನ್ಯೂಟ್ರಾನನ್ನು ಬಹಳ ಇಷ್ಟಪಟ್ಟು ನುಂಗುತ್ತದೆ. ನುಂಗಿ ಎರಡು ತುಂಡಾಗುತ್ತದೆ: ಒಂದು ಪ್ರೋಟಾನ್, ಒಂದು ಟ್ರೈಟಾನ್ (ಮೂರು ಪಟ್ಟು ಭಾರದ ಹೈಡ್ರೋಜನ್ ಬೀಜಕಣ). ಇವೆರಡೂ ಸೇರಿ 764 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯನ್ನು ಅನಿಲದಲ್ಲಿ ಬಿಡುತ್ತವೆ. ಅದು ಒಂದು ಪಲ್ಸ್ ಆಗಿ ಹೊರಬರುತ್ತದೆ.

ಇಲ್ಲಿ "ನಿಧಾನ" ಎನ್ನುವ ಮಾತು ಮುಖ್ಯ. ವಿಶ್ವಕಿರಣದಿಂದ ಹುಟ್ಟುವ ನ್ಯೂಟ್ರಾನ್ ವೇಗವಾಗಿರುತ್ತದೆ, ಹೀಲಿಯಂ-3ಕ್ಕೆ ಸಿಗದೆ ಜಾರಿಕೊಳ್ಳುತ್ತದೆ. ಅದಕ್ಕೇ ಕೊಳವೆಯ ಸುತ್ತ ಪಾಲಿಥಿನ್ ದಿಮ್ಮಿ ಕಟ್ಟುತ್ತೇವೆ. ಪಾಲಿಥಿನ್ ತುಂಬಾ ಹೈಡ್ರೋಜನ್. ಹೈಡ್ರೋಜನ್ ಬೀಜಕಣ ಹೆಚ್ಚುಕಮ್ಮಿ ನ್ಯೂಟ್ರಾನಿನಷ್ಟೇ ತೂಕ. ಸಮ ತೂಕದ ಎರಡು ಗೋಲಿಗಳು ಡಿಕ್ಕಿ ಹೊಡೆದರೆ ಬಂದ ಗೋಲಿ ತನ್ನ ವೇಗವನ್ನು ನಿಂತ ಗೋಲಿಗೆ ಕೊಟ್ಟುಬಿಡುತ್ತದೆ, ಅಲ್ವಾ? ಹಾಗೇ ಇದೂ. 2 ಮೆಗಾ ಎಲೆಕ್ಟ್ರಾನ್ ವೋಲ್ಟಿನ ನ್ಯೂಟ್ರಾನ್ ಹೈಡ್ರೋಜನ್ ಜೊತೆ ಸರಾಸರಿ 18 ಸಲ ಡಿಕ್ಕಿಯಾದರೆ ಸಾಕು, ಕೋಣೆಯ ಬಿಸಿಗೆ ಹೊಂದುವಷ್ಟು ನಿಧಾನವಾಗುತ್ತದೆ. ಇಂಗಾಲದಲ್ಲಾದರೆ ನೂರಕ್ಕೂ ಹೆಚ್ಚು ಡಿಕ್ಕಿ ಬೇಕು.

ಸ್ವಿಚ್ ಹಾಕಿದ ಮೊದಲ ರಾತ್ರಿ ನೆನಪಿದೆ. ನಿಮಿಷಕ್ಕೆ ಸುಮಾರು 17 ಪಲ್ಸ್. ಗಂಟೆಗೆ ಸಾವಿರದ ಆಸುಪಾಸು. ಸುತ್ತ ಎಲ್ಲೂ ನ್ಯೂಟ್ರಾನ್ ಮೂಲ ಇರಲಿಲ್ಲ. ಸುಮ್ನೆ ಕೂತು ಪರದೆ ನೋಡುತ್ತಿದ್ದೆ. ಒಂದೊಂದು ಪಲ್ಸ್ ಬಂದಾಗಲೂ, ಎಲ್ಲೋ ಮೇಲೆ ಒಂದು ಬೀಜಕಣ ಒಡೆದಿದೆ, ಅದರ ಸುದ್ದಿ ಇಷ್ಟು ದೂರ ಬಂದು ಮುಟ್ಟಿದೆ ಎಂದು ಮೈ ಜುಮ್ಮೆನ್ನುತ್ತಿತ್ತು. ಈಗಲೂ ಹಾಗೇ ಆಗುತ್ತದೆ.

ಆದರೆ ಗಂಟೆಗೆ ಸಾವಿರ ಎಂದರೆ ಎಷ್ಟು ಖಚಿತ? ಇಂಥ ಎಣಿಕೆಯಲ್ಲಿ ಏರುಪೇರು ಸಂಖ್ಯೆಯ ವರ್ಗಮೂಲದಷ್ಟು. ಸಾವಿರಕ್ಕೆ 32. ಅಂದರೆ ಏನೂ ಬದಲಾಗದಿದ್ದರೂ ಒಂದು ಗಂಟೆ 970, ಮುಂದಿನ ಗಂಟೆ 1030 ಬರಬಹುದು. ಶೇಕಡಾ 1ರಷ್ಟು ನಿಖರತೆ ಬೇಕಾದರೆ 10,000 ಎಣಿಕೆ, ಅಂದರೆ ಹತ್ತು ಗಂಟೆ. ಇದನ್ನು ತ್ವರೆ ಮಾಡಲು ಯಾವ ಉಪಾಯವೂ ಇಲ್ಲ. ಕಾಯಬೇಕು.

ನಾನು ಎಡವಿದ್ದು ಎರಡನೇ ವಾರದಲ್ಲಿ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಆ ತಪ್ಪು ಸರಿಯುತ್ತರದ ವೇಷದಲ್ಲಿ ಬಂದಿತ್ತು.

ಗಾಳಿಯ ಒತ್ತಡ ಇಳಿದರೆ ನ್ಯೂಟ್ರಾನ್ ಎಣಿಕೆ ಏರಬೇಕು ಎಂದು ಓದಿದ್ದೆ. ಒತ್ತಡ ಎಂದರೆ ನಮ್ಮ ತಲೆಯ ಮೇಲಿರುವ ಗಾಳಿಯ ತೂಕವೇ. ಸಮುದ್ರ ಮಟ್ಟದಲ್ಲಿ ಅದು ಸುಮಾರು 10 ಮೀಟರ್ ನೀರಿಗೆ ಸಮ. ಒಂದು ಹೆಕ್ಟೋಪಾಸ್ಕಲ್ ಎಂದರೆ ಒಂದು ಸೆಂಟಿಮೀಟರ್ ನೀರು. ತಲೆಯ ಮೇಲಿನ ಈ ಕೊಡೆ ಒಂದು ಸೆಂಟಿಮೀಟರ್ ತೆಳುವಾದರೆ ಕೆಳಗೆ ಬರುವ ನ್ಯೂಟ್ರಾನ್ ಶೇ. 0.7ರಷ್ಟು ಹೆಚ್ಚುತ್ತದೆ. ಒಂದು ಸಂಜೆ ಜೋರು ಮಳೆ ಬಂತು. ಬ್ಯಾರೋಮೀಟರ್ 4 ಹೆಕ್ಟೋಪಾಸ್ಕಲ್ ಇಳಿಯಿತು. ಎಣಿಕೆ ಏರಿತು. ನನಗೆ ಖುಷಿಯೋ ಖುಷಿ. ಗ್ರಾಫ್ ಮಾಡಿ ಮೇಡಂಗೆ ತೋರಿಸಿದೆ.

ಅವರು ಒಂದೇ ಪ್ರಶ್ನೆ ಕೇಳಿದರು: "ಎಷ್ಟು ಏರಿದೆ?"

ಶೇಕಡಾ 20 ಏರಿತ್ತು. 4 ಹೆಕ್ಟೋಪಾಸ್ಕಲಿಗೆ ಏರಬೇಕಾಗಿದ್ದದ್ದು ಶೇಕಡಾ 3. ದಿಕ್ಕು ಸರಿ ಇತ್ತು, ಅಳತೆ ಸರಿ ಇರಲಿಲ್ಲ. ದಿಕ್ಕನ್ನು ಮಾತ್ರ ನೋಡಿ ನಾನು ಒಪ್ಪಿಕೊಂಡಿದ್ದೆ.

ಕಾರಣ ಪಲ್ಸ್‌ಗಳ ಸ್ಪೆಕ್ಟ್ರಮ್ಮಿನಲ್ಲೇ ಇತ್ತು, ಅಂದರೆ ಯಾವ ಶಕ್ತಿಯ ಪಲ್ಸ್ ಎಷ್ಟು ಬಂದಿವೆ ಎಂದು ತೋರಿಸುವ ಗ್ರಾಫಿನಲ್ಲಿ. ಹೀಲಿಯಂ-3 ಕೊಳವೆಯ ಸ್ಪೆಕ್ಟ್ರಮ್ಮಿಗೆ ತನ್ನದೇ ಒಂದು ಮುಖ ಇದೆ. 764ರ ಹತ್ತಿರ ಒಂದು ಎತ್ತರದ ಶಿಖರ. ಅದರ ಎಡಕ್ಕೆ ಎರಡು ಮೆಟ್ಟಿಲು, 573ಕ್ಕೆ ಒಂದು, 191ಕ್ಕೆ ಒಂದು. ಕೊಳವೆಯ ಗೋಡೆಯ ಹತ್ತಿರ ನ್ಯೂಟ್ರಾನ್ ಸಿಕ್ಕಿಬಿದ್ದರೆ, ಎರಡು ತುಂಡುಗಳಲ್ಲಿ ಒಂದು ಗೋಡೆಗೆ ಹೋಗಿ ಬಡಿಯುತ್ತದೆ. ಅದರ ಶಕ್ತಿ ಅನಿಲಕ್ಕೆ ಪೂರ್ತಿ ಸಿಗುವುದಿಲ್ಲ. ಹಾಗೆ ಆಗುವ ಮೆಟ್ಟಿಲುಗಳು ಅವು. ಗಾಮಾ ಕಿರಣದ ಪಲ್ಸ್‌ಗಳು ಇನ್ನೂ ಚಿಕ್ಕವು, ಎಡತುದಿಯಲ್ಲಿ ಗುಡ್ಡೆ ಬೀಳುತ್ತವೆ. ಈ ಗುಡ್ಡೆಗೂ ಮೊದಲ ಮೆಟ್ಟಿಲಿಗೂ ನಡುವೆ ಒಂದು ಕಣಿವೆ ಇರುತ್ತದೆ. ಅಲ್ಲಿ ಗೆರೆ ಎಳೆದು, ಅದರಿಂದ ಬಲಕ್ಕೆ ಇರುವುದನ್ನಷ್ಟೇ ಎಣಿಸಬೇಕು. ಮಳೆಯ ಸಂಜೆಯ ಸ್ಪೆಕ್ಟ್ರಮ್ ತೆಗೆದು ನೋಡಿದರೆ ಕಣಿವೆಯೇ ಮುಚ್ಚಿಹೋಗಿತ್ತು. ಶಿಖರ ಒಂದಿಷ್ಟೂ ಬೆಳೆದಿರಲಿಲ್ಲ. ಜಾಸ್ತಿ ಬಂದ ಪಲ್ಸ್‌ಗಳೆಲ್ಲ ಎಡಗಡೆಯವು. ಅವು ನ್ಯೂಟ್ರಾನ್ ಅಲ್ಲವೇ ಅಲ್ಲ.

ಹೈ ವೋಲ್ಟೇಜ್ ಕನೆಕ್ಟರಿನಲ್ಲಿ ತೇವ ಕೂತಿತ್ತು. ತೇವದ ಮೇಲೆ ಕರೆಂಟ್ ಸಣ್ಣಗೆ ಸೋರಿ ಸುಳ್ಳು ಪಲ್ಸ್ ಕೊಡುತ್ತಿತ್ತು. ಕನೆಕ್ಟರನ್ನು ಆಲ್ಕೋಹಾಲಿನಲ್ಲಿ ಒರೆಸಿ, ಒಣಗಿಸಿ, ಪಲ್ಸನ್ನು ದೊಡ್ಡದು ಮಾಡುವ ಪ್ರಿ-ಆಂಪ್ಲಿಫೈಯರ್ ಜೊತೆ ಒಂದು ಡಬ್ಬಿಯಲ್ಲಿ ಮುಚ್ಚಿ, ಒಳಗೆ ಸಿಲಿಕಾ ಜೆಲ್ ಚೀಲ ಇಟ್ಟೆವು. ಕಣಿವೆ ಮತ್ತೆ ತೆರೆದುಕೊಂಡಿತು. ಅಷ್ಟರವರೆಗಿನ ಎಲ್ಲ ಅಳತೆಯನ್ನೂ ಕೈಬಿಟ್ಟೆ. ಅವತ್ತಿಂದ ಎಣಿಕೆಯ ಸಂಖ್ಯೆಯನ್ನಷ್ಟೇ ಬರೆದಿಡುವ ಅಭ್ಯಾಸ ಬಿಟ್ಟೆ. ಪ್ರತಿ ಗಂಟೆಯ ಸ್ಪೆಕ್ಟ್ರಮ್ ಉಳಿಸುತ್ತೇನೆ. ನ್ಯೂಟ್ರಾನ್ ಎಣಿಸುವ ಯಾರಿಗಾದರೂ ನಾನು ಮೊದಲು ಹೇಳುವ ಮಾತು ಇದೇ: ಆ ಎರಡು ಮೆಟ್ಟಿಲು ಕಾಣದಿದ್ದರೆ ಸಂಖ್ಯೆಯನ್ನು ನಂಬಬೇಡಿ.

ಅದಾದ ಮೇಲೆ ಮೂರು ವಾರ ಒಂದೇ ಜಾಗದಲ್ಲಿ, ಯಾರೂ ಮುಟ್ಟದ ಹಾಗೆ, ಡಿಟೆಕ್ಟರ್ ಓಡಿತು. ನಾನೂ ಕೋಣೆಯಲ್ಲಿ ಕೂರುತ್ತಿರಲಿಲ್ಲ. ಮನುಷ್ಯನ ಮೈಯಲ್ಲಿ ಬಹುಪಾಲು ನೀರು. ನೀರೆಂದರೆ ಹೈಡ್ರೋಜನ್. ಪಕ್ಕದಲ್ಲಿ ಕೂತರೆ ನಾನೇ ಇನ್ನೊಂದು ಪಾಲಿಥಿನ್ ದಿಮ್ಮಿಯಾಗುತ್ತೇನೆ. ಐನೂರು ಗಂಟೆಗಳ ಎಣಿಕೆಯನ್ನು ಒತ್ತಡದ ಎದುರು ಇಟ್ಟು ಗ್ರಾಫ್ ಹಾಕಿದಾಗ ಗೆರೆ ನಿಧಾನವಾಗಿ ಕೆಳಗಿಳಿಯಿತು. ಹೆಕ್ಟೋಪಾಸ್ಕಲಿಗೆ ಶೇ. 0.7, ಹೆಚ್ಚುಕಮ್ಮಿ 0.05. ಈ ಸಲ ದಿಕ್ಕೂ ಸರಿ, ಅಳತೆಯೂ ಸರಿ.

ಇದರಲ್ಲಿ ನನಗೆ ತುಂಬಾ ಹಿಡಿಸಿದ ಒಂದು ವಿಷಯ ಇದೆ. ವಾತಾವರಣದ ಒತ್ತಡ ದಿನಕ್ಕೆ ಎರಡು ಸಲ ಏರಿಳಿಯುತ್ತದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಏರು, ಮಧ್ಯಾಹ್ನ ನಾಲ್ಕರ ಸುಮಾರಿಗೆ ಇಳಿತ, ರಾತ್ರಿ ಮತ್ತೆ ಹಾಗೇ. ಸಮುದ್ರಕ್ಕೆ ಭರತ ಇಳಿತ ಇದ್ದ ಹಾಗೆ ಗಾಳಿಗೂ. ಮೂರು ವಾರದ ಲೆಕ್ಕವನ್ನೆಲ್ಲ ಮಡಚಿ ಒಂದೇ ದಿನದ ಮೇಲೆ ಹಾಕಿದಾಗ, ನ್ಯೂಟ್ರಾನ್ ಎಣಿಕೆಯಲ್ಲೂ ಆ ಎರಡು ಅಲೆಗಳು ಮಸುಕಾಗಿ, ತಲೆಕೆಳಗಾಗಿ ಕಂಡವು. ಗಾಳಿಯ ಸಮುದ್ರದ ತಳದಲ್ಲಿ ಕೂತು ಅದರ ಭರತ ಇಳಿತವನ್ನು ನ್ಯೂಟ್ರಾನಿನಿಂದ ಅಳೆದಂತೆ ಅದು.

ಸೂರ್ಯನ ಕಡೆಯಿಂದ ಏನಾದರೂ ಗಡಿಬಿಡಿ ಆಗಿದೆಯಾ ಎಂದೂ ನೋಡಬೇಕಿತ್ತು. ಸೂರ್ಯನಿಂದ ದೊಡ್ಡ ಸ್ಫೋಟ ಹೊರಟು ಭೂಮಿಯನ್ನು ದಾಟುವಾಗ ವಿಶ್ವಕಿರಣಗಳನ್ನು ತಳ್ಳಿಹಾಕುತ್ತದೆ, ಎಣಿಕೆ ಕೆಲವು ದಿನ ಇಳಿಯುತ್ತದೆ. ಸ್ಕಾಟ್ ಫೋರ್ಬುಷ್ ಗುರುತಿಸಿದ್ದರಿಂದ ಅದಕ್ಕೆ ಫೋರ್ಬುಷ್ ಇಳಿಕೆ ಎಂದೇ ಹೆಸರು. ಫಿನ್ಲೆಂಡಿನ ಔಲು ನಿಲ್ದಾಣದ ನ್ಯೂಟ್ರಾನ್ ಮಾನಿಟರ್ 1964ರಿಂದ ಎಣಿಸುತ್ತಿದೆ, ಅದರ ಲೆಕ್ಕ ಯಾರು ಬೇಕಾದರೂ ನೋಡಬಹುದು. ನನ್ನ ದಿನಾಂಕಗಳಲ್ಲಿ ಅಲ್ಲಿ ಗೆರೆ ಸಮವಾಗಿತ್ತು. ನೆಮ್ಮದಿಯಾಯಿತು.

ಈಗ ಪೆಟ್ಟಿಗೆಯ ಸರದಿ.

ಪೆಟ್ಟಿಗೆಯಿಂದ ದೂರ, ಒತ್ತಡದ ತಿದ್ದುಪಡಿ ಮಾಡಿ, 24 ಗಂಟೆಗೆ ಸುಮಾರು 24,000. ಪೆಟ್ಟಿಗೆಯಿಂದ 40 ಸೆಂಟಿಮೀಟರ್ ದೂರದಲ್ಲಿ ಸುಮಾರು 26,900. ಗಂಟೆಗೆ 120 ಜಾಸ್ತಿ. ಏರುಪೇರಿನ ಅಂದಾಜು 9 ಅಷ್ಟೇ. ಅಂದರೆ ಇದು ಕಣ್ಣಿನ ಭ್ರಮೆಯಲ್ಲ, ನಿಜವಾಗಿಯೂ ಜಾಸ್ತಿ. ಪುಡಿ ಇದೆ ಎನ್ನುವವರ ಮಾತಿಗೆ ಬಲ ಬಂತು.

ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಒಬ್ಬರು ಅವತ್ತು ಪೆಟ್ಟಿಗೆಯನ್ನು ಕಾಲಿನಿಂದ ನೂಕಿ ನೋಡಿ, "ಇನ್ನೂರು ಕೆಜಿ ಸೀಸ ಇದೆ ಇದರಲ್ಲಿ" ಎಂದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಸೀಸ ವಿಕಿರಣವನ್ನು ತಡೆಯುವ ವಸ್ತು ಎಂದೇ ನಾವು ಕಲಿತಿರುತ್ತೇವೆ. ಗಾಮಾ ಕಿರಣಕ್ಕೆ ಅದು ನಿಜ. ಆದರೆ ವೇಗದ ವಿಶ್ವಕಿರಣ ಕಣವೊಂದು ಸೀಸದ ಬೀಜಕಣಕ್ಕೆ ಬಡಿದರೆ? ಸೀಸದ ಬೀಜಕಣದಲ್ಲಿ 120ಕ್ಕೂ ಹೆಚ್ಚು ನ್ಯೂಟ್ರಾನ್‌ಗಳಿವೆ. ಬಡಿತದ ಬಿಸಿಗೆ ಅದು ಹಲವು ನ್ಯೂಟ್ರಾನ್‌ಗಳನ್ನು ಹೊರಹಾಕುತ್ತದೆ, ಕಾದ ಪಾತ್ರೆಯಿಂದ ಹಬೆ ಬಂದಂತೆ. ಜಾನ್ ಸಿಂಪ್ಸನ್ 1948ರಲ್ಲಿ ಮಾಡಿದ ನ್ಯೂಟ್ರಾನ್ ಮಾನಿಟರ್ ನಿಂತಿರುವುದೇ ಇದರ ಮೇಲೆ. ಅಲ್ಲಿ ಎಣಿಕೆ ಹೆಚ್ಚಲಿ ಎಂದೇ ಕೊಳವೆಯ ಸುತ್ತ ಸೀಸ ಇಡುತ್ತಾರೆ. ದೊಡ್ಡ ಲೋಹದ ರಾಶಿಯ ಹತ್ತಿರ ಹಿನ್ನೆಲೆ ನ್ಯೂಟ್ರಾನ್ ಏರುವುದಕ್ಕೆ ಈ ಕೆಲಸದವರು ಶಿಪ್ ಎಫೆಕ್ಟ್ ಎನ್ನುತ್ತಾರೆ. ಹಡಗಿನ ಕಬ್ಬಿಣದಿಂದ ಬಂದ ಹೆಸರು.

ಹಾಗಾದರೆ ಪೆಟ್ಟಿಗೆ ಖಾಲಿಯೇ ಇರಬಹುದು. ಗೋಡೆಯೇ ನ್ಯೂಟ್ರಾನ್ ಕೊಡುತ್ತಿರಬಹುದು. ಆದರೆ ಇರಬಹುದು ಎಂದರೆ ಸಾಲದಲ್ಲ.

ಮೊದಲು ಒತ್ತಡದಿಂದ ಪತ್ತೆ ಮಾಡೋಣ ಎಂದುಕೊಂಡೆ. ಪುಡಿಗೆ ಗಾಳಿಯ ಒತ್ತಡದ ಹಂಗಿಲ್ಲ, ವಿಶ್ವಕಿರಣಕ್ಕೆ ಇದೆ. ಲೆಕ್ಕ ಹಾಕಿದೆ. ಒತ್ತಡ 10 ಹೆಕ್ಟೋಪಾಸ್ಕಲ್ ಬದಲಾದರೂ ಆ 120ರಲ್ಲಿ ಆಗುವ ಬದಲಾವಣೆ 8. ನನ್ನ ಒಂದು ದಿನದ ಏರುಪೇರೇ 9. ಕೈಬಿಟ್ಟೆ. ಸೀಸದಿಂದ ಬರುವ ನ್ಯೂಟ್ರಾನ್‌ಗಳು ಗುಂಪಾಗಿ ಬರುತ್ತವೆ, ಅದನ್ನು ಹಿಡಿಯೋಣ ಎಂದೂ ಯೋಚಿಸಿದೆ. ಒಂದೇ ಕೊಳವೆ ಇಟ್ಟುಕೊಂಡು ಅದು ಆಗದ ಮಾತು.

ಉಳಿದದ್ದು ಎರಡು ದಾರಿ. ಒಂದು, ಶುದ್ಧ ಸೀಸ. ಇನ್ನೊಂದು ಲ್ಯಾಬಿನಿಂದ ಹೊಸ ಸೀಸದ ಇಟ್ಟಿಗೆ ತಂದೆವು. ಒಂದೊಂದು 5, 10, 20 ಸೆಂಟಿಮೀಟರ್ ಅಳತೆಯದು, ತೂಕ 11 ಕೆಜಿ ದಾಟುತ್ತದೆ. 18 ಇಟ್ಟಿಗೆ. ಕೈಗವಸು ಹಾಕಿಕೊಂಡು ಒಂದೊಂದಾಗಿ ಹೊತ್ತು, ಪೆಟ್ಟಿಗೆಯ ಆಕಾರದಲ್ಲೇ ಜೋಡಿಸಿದೆವು. ಅದರಿಂದ 40 ಸೆಂಟಿಮೀಟರ್ ದೂರದಲ್ಲಿ ಒಂದು ದಿನ ಎಣಿಸಿದಾಗ ಗಂಟೆಗೆ 110ರಷ್ಟು ಜಾಸ್ತಿ ಬಂತು. ಇಟ್ಟಿಗೆಗಳಲ್ಲಿ ಯಾವ ಪುಡಿಯೂ ಇರಲಿಲ್ಲ.

ನಾನು ಇಲ್ಲಿಗೇ ನಿಲ್ಲಿಸಲು ಸಿದ್ಧನಿದ್ದೆ. ಮೇಡಂ ಒಪ್ಪಲಿಲ್ಲ. "120ರಲ್ಲಿ 110 ಸೀಸದ್ದು ಅಂದರೆ ಉಳಿದ 10 ಯಾರದು?" ಎಂದರು. ಏರುಪೇರಿನೊಳಗೇ ಬರುತ್ತದೆ ಎಂದೆ. "ಬರುತ್ತದೆ. ಆದರೆ ಒಳಗಿರುವುದು ಉಸಿರಿಗೆ ಹೋಗುವ ಪುಡಿ ಆಗಿದ್ದರೆ, ಆ ಪೆಟ್ಟಿಗೆ ತೆಗೆಯುವವರು ನಮ್ಮ ಹುಡುಗರು" ಎಂದರು. ಅವರ ಮಾತು ಸರಿ.

ಎರಡನೇ ದಾರಿ ನೆಲಮಾಳಿಗೆ. ಆ ಕಟ್ಟಡಕ್ಕೆ ನೆಲದಡಿ ಎರಡು ಮಹಡಿ ಇದೆ. ಮೇಲೆ ಒಂದರ ಮೇಲೊಂದು ಕಾಂಕ್ರೀಟ್ ಚಪ್ಪಡಿಗಳು. ವಿಶ್ವಕಿರಣದ ನ್ಯೂಟ್ರಾನ್ ಒಂದೊಂದು ಚಪ್ಪಡಿ ದಾಟುವಾಗಲೂ ಕಮ್ಮಿಯಾಗುತ್ತದೆ. ಪುಡಿಯ ನ್ಯೂಟ್ರಾನ್ ಮಾತ್ರ ಪೆಟ್ಟಿಗೆಯ ಜೊತೆಗೇ ಕೆಳಗೆ ಬರುತ್ತದೆ, ಒಂದೂ ಕಮ್ಮಿಯಾಗದೆ. ಇದಕ್ಕಿಂತ ನೇರವಾದ ಪರೀಕ್ಷೆ ಇನ್ನೊಂದಿಲ್ಲ ಅನ್ನಿಸಿತು.

ಮೊದಲು ಬರಿಗೈಯಲ್ಲಿ ಡಿಟೆಕ್ಟರನ್ನಷ್ಟೇ ಇಳಿಸಿದೆವು. ಗಂಟೆಗೆ ಸಾವಿರ ಇದ್ದದ್ದು 250ಕ್ಕೆ ಬಂತು. ಇಷ್ಟು ಕಮ್ಮಿಯಾದಾಗ ಇನ್ನೊಂದು ಚಿಕ್ಕ ಲೆಕ್ಕ ಮುಂದೆ ಬರುತ್ತದೆ. ಕೊಳವೆಯ ಲೋಹದಲ್ಲೇ ಅತಿ ಸಣ್ಣ ಪ್ರಮಾಣದಲ್ಲಿ ಯುರೇನಿಯಂ, ಥೋರಿಯಂ ಇರುತ್ತವೆ. ಅವುಗಳ ಆಲ್ಫಾ ಕಣಗಳೂ ಪಲ್ಸ್ ಕೊಡುತ್ತವೆ. ಅದೃಷ್ಟಕ್ಕೆ ಅವು 764ರ ಶಿಖರದ ಬಲಗಡೆಗೂ ಚಪ್ಪಟೆಯಾಗಿ ಹರಡಿಕೊಂಡಿರುತ್ತವೆ, ಅಲ್ಲಿ ನ್ಯೂಟ್ರಾನ್ ಇರುವುದಿಲ್ಲ. ಬಲಗಡೆ ಎಣಿಸಿ, ಎಡಗಡೆಗೂ ಅದೇ ಮಟ್ಟ ಎಂದು ಹಿಡಿದರೆ ಗಂಟೆಗೆ ಕೆಲವೇ ಕೆಲವು. ಪೆಟ್ಟಿಗೆ ಇದ್ದರೂ ಇಲ್ಲದಿದ್ದರೂ ಅವು ಅಷ್ಟೇ. ವ್ಯತ್ಯಾಸ ತೆಗೆಯುವಾಗ ಕಳೆದುಹೋಗುತ್ತವೆ.

ಆಮೇಲೆ ಪೆಟ್ಟಿಗೆಯನ್ನು ಟ್ರಾಲಿಯಲ್ಲಿ ಇಳಿಸಿದೆವು. ನಾಲ್ಕು ಜನ ಬೇಕಾಯಿತು. ಮುಚ್ಚಳದ ಅಂಚಿಗೆ ಸುತ್ತಲೂ ಟೇಪ್ ಸುತ್ತಿ, ಟೇಪಿನ ಮೇಲೆ ಪ್ಲಾಸ್ಟಿಕ್ ಹೊದಿಸಿ, ಒಂದು ಅಲುಗಾಟವೂ ಇಲ್ಲದ ಹಾಗೆ ನಿಧಾನಕ್ಕೆ. ಮತ್ತೆ ಅದೇ 40 ಸೆಂಟಿಮೀಟರ್. ಪುಡಿಯಾದರೆ ಇಲ್ಲೂ ಗಂಟೆಗೆ 120 ಜಾಸ್ತಿ ಬರಬೇಕು. ಸೀಸದ್ದಾದರೆ ಹಿನ್ನೆಲೆ ಇಳಿದ ಪ್ರಮಾಣದಲ್ಲೇ ಅದೂ ಇಳಿದು 30ರ ಹತ್ತಿರ ಬರಬೇಕು. ಎರಡೂ ಸೇರಿದ್ದರೆ ನಡುವೆ ಎಲ್ಲೋ.

48 ಗಂಟೆ ಓಡಿಸಿದೆವು. ನಡುವೆ ಒಂದು ಸಲವೂ ಕೆಳಗೆ ಹೋಗಲಿಲ್ಲ. ಹೋಗಿ ಪರದೆ ನೋಡಿದರೆ, ಬೇಕಾದ ಸಂಖ್ಯೆ ಬಂದ ಕೂಡಲೇ ನಿಲ್ಲಿಸುವ ಆಸೆಯಾಗುತ್ತದೆ ಎಂದು ನನಗೆ ಗೊತ್ತಿತ್ತು. ಎಷ್ಟು ಹೊತ್ತು ಎಂದು ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದು ಮೇಡಂ ಸಹಿ ಹಾಕಿಸಿದ್ದೆ.

ಮೂರನೇ ದಿನ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಇಳಿದೆವು. ಮೊದಲು ಸ್ಪೆಕ್ಟ್ರಮ್ ನೋಡಿದೆವು. ಶಿಖರ ಇತ್ತು, ಎರಡು ಮೆಟ್ಟಿಲು ಇತ್ತು, ಕಣಿವೆ ಸ್ವಚ್ಛವಾಗಿತ್ತು. ಆಮೇಲೆ ಎಣಿಕೆ. ಪೆಟ್ಟಿಗೆ ಇಲ್ಲದೆ 48 ಗಂಟೆಗೆ 12,000ದ ಆಸುಪಾಸು ಬಂದಿತ್ತು. ಪೆಟ್ಟಿಗೆಯ ಜೊತೆ 13,400. ವ್ಯತ್ಯಾಸವನ್ನು ಗಂಟೆಗೆ ಭಾಗಿಸಿದರೆ 29, ಏರುಪೇರು 3.

ಮೇಡಂ ಕ್ಯಾಲ್ಕುಲೇಟರ್ ತೆಗೆದುಕೊಂಡು ತಾವೇ ಇನ್ನೊಂದು ಸಲ ಮಾಡಿದರು. ಅಷ್ಟೇ ಬಂತು. ನೋಟ್‌ಬುಕ್ಕಿನಲ್ಲಿ ಜಾಗ, ಎತ್ತರ, ಒತ್ತಡ, ಸುತ್ತ ಏನೇನಿದೆ ಎಂಬುದನ್ನೆಲ್ಲ ಬರೆದು, ಕೆಳಗೆ ಆ ಸಂಖ್ಯೆ ಬರೆದೆ. ಆ ವಾರವೇ, ಎಲ್ಲ ಮುನ್ನೆಚ್ಚರಿಕೆಯೊಂದಿಗೆ, ಸುರಕ್ಷತಾ ತಂಡದವರು ಮುಚ್ಚಳ ತೆಗೆದು ಒಳಗಡೆ ಒರೆಸಿ ಪರೀಕ್ಷೆ ಮಾಡಿದರು. ಒಳಗೆ ಏನೂ ಇರಲಿಲ್ಲ. ಬರೀ ಸೀಸ.